ಸಣ್ಣ ಶಾಲೆಗೆ ಯಾವುದು ಹೊಂದುತ್ತದೆ: ಪ್ರತಿಭಾ ಕಾರಂಜಿಯ ತಯಾರಿ, ಶನಿವಾರದ ಸಂಘ, ಮಿಶ್ರ ವಯಸ್ಸಿನ ತಂಡ

ಒಂದರಿಂದ ಏಳನೇ ತರಗತಿವರೆಗೆ ಎಲ್ಲ ಸೇರಿ ನಲವತ್ತರ ಆಸುಪಾಸಿನಲ್ಲಿ ಮಕ್ಕಳಿರುವ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ನಮ್ಮದು. ಮಂಡ್ಯ ತಾಲ್ಲೂಕಿನ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿರುವ ಈ ಶಾಲೆಗೆ ದೈಹಿಕ ಶಿಕ್ಷಕರಿಲ್ಲ, ಸಂಗೀತದವರಿಲ್ಲ, ಚಿತ್ರಕಲೆಯವರೂ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಕಲೆ, ಆರೋಗ್ಯ ಮತ್ತು ದೈಹಿಕ ಶಿಕ್ಷಣ, ಕಾರ್ಯಾನುಭವಗಳಿಗೆ ಅರೆಕಾಲಿಕ ಬೋಧಕರನ್ನು ಹೇಳಿದ್ದರೂ, 6ರಿಂದ 8ನೇ ತರಗತಿಗಳಲ್ಲಿ ದಾಖಲಾತಿ ನೂರನ್ನು ಮೀರಿದ ಶಾಲೆಗಳಿಗಷ್ಟೇ ಅದು ಅನ್ವಯಿಸುತ್ತದೆ. ಹೀಗಾಗಿ ಪಾಠದಾಚೆಗಿನ ಚಟುವಟಿಕೆಯೆಂದರೆ ಇರುವ ಮೂವರು ಶಿಕ್ಷಕರು ತಮ್ಮ ಸಮಯದಲ್ಲಿ ಮಿಗಿಸಿ ಕೊಡುವ ಹೊತ್ತೇ ಆಗಿರುತ್ತದೆ. ಆ ಹೊತ್ತನ್ನು ಯಾವುದಕ್ಕೆ ಕೊಟ್ಟರೆ ಮಗುವಿಗೆ ‘ಇದು ನನ್ನ ಶಾಲೆ’ ಎನ್ನಿಸುತ್ತದೆ ಎಂಬುದನ್ನು ತಿಳಿಯಲು, ಮೂರು ಬಗೆಗಳನ್ನು ಬೇರೆ ಬೇರೆ ವರ್ಷಗಳಲ್ಲಿ ನಾನು ನಡೆಸಿ ನೋಡಿದ್ದೇನೆ.

ಹೋಲಿಕೆಗೆ ಒಂದು ಅಳತೆ ಬೇಕಿತ್ತು. ಹಾಜರಾತಿಯನ್ನು ನಂಬುವಂತಿರಲಿಲ್ಲ, ಏಕೆಂದರೆ ಕಬ್ಬು ಕಡಿಯುವ ಕಾಲ, ಊರಹಬ್ಬ, ಮನೆಯಲ್ಲಿನ ಎಳೆಮಗು, ಇವೆಲ್ಲ ಅದನ್ನು ಏರಿಳಿಸುತ್ತವೆ. ಅದರ ಬದಲು, ಮನೋವೈದ್ಯ ಜೇಕಬ್ ಮೊರೆನೊ 1930ರ ದಶಕದಲ್ಲಿ ರೂಪಿಸಿದ ಸಮಾಜಮಿತಿಯ ಸರಳ ವಿಧಾನವನ್ನು ಬಳಸಿದೆ. ಪ್ರತಿ ಮಗುವನ್ನೂ ಒಂಟಿಯಾಗಿ ಕರೆದು, ಬಿಸಿಯೂಟಕ್ಕೆ ಯಾರ ಪಕ್ಕ ಕೂರಲು ಇಷ್ಟ, ಬಿದ್ದು ಪೆಟ್ಟಾದರೆ ಮೊದಲು ಯಾರಿಗೆ ಹೇಳುತ್ತೀಯ ಎಂದು ಕೇಳಿ, ಉತ್ತರಗಳನ್ನು ಬಾಣದ ಗುರುತಿನಲ್ಲಿ ಕಾಗದದ ಮೇಲೆ ಎಳೆಯುವುದು. ತಮ್ಮ ಹೆಸರಿಗೆ ಒಂದೂ ಬಾಣ ಬಾರದ ಮಕ್ಕಳು ಆ ಕಾಗದದಲ್ಲಿ ತಾವಾಗಿಯೇ ಎದ್ದು ಕಾಣುತ್ತಾರೆ. ಈ ಕಾಗದವನ್ನು ಮಕ್ಕಳಿಗಾಗಲಿ ಪೋಷಕರಿಗಾಗಲಿ ತೋರಿಸಬಾರದು.

ಮೊದಲನೆಯದು ಪ್ರತಿಭಾ ಕಾರಂಜಿಯ ತಯಾರಿ. ಕ್ಲಸ್ಟರ್ (ಹತ್ತಿರದ ಶಾಲೆಗಳ ಗುಂಪು) ಮಟ್ಟದಿಂದ ತಾಲ್ಲೂಕು, ಜಿಲ್ಲೆಗಳವರೆಗೆ ಏರುವ ಈ ಸ್ಪರ್ಧೆಯ ಬಗ್ಗೆ ನನಗೆ ಗೌರವವಿದೆ. ಕಂಠಪಾಠ, ಅಭಿನಯ ಗೀತೆ, ಛದ್ಮವೇಷ, ಆಶುಭಾಷಣ ಇವುಗಳಿಗೆ ವೇದಿಕೆ ಹತ್ತಿದ ಹಳ್ಳಿಯ ಮಗುವಿಗೆ ಬರುವ ಧೈರ್ಯ ಬೇರೆ ಯಾವುದರಿಂದಲೂ ಅಷ್ಟು ಬೇಗ ಬರುವುದಿಲ್ಲ, ಮತ್ತು ಬಹುಮಾನ ತಂದ ದಿನ ಊರಿನವರು ಶಾಲೆಯ ಕಡೆ ತಿರುಗಿ ನೋಡುತ್ತಾರೆ. ಆದರೆ ಸಮಯ ಕಡಿಮೆಯಿದ್ದಾಗ ಚೆನ್ನಾಗಿ ಹಾಡುವವಳನ್ನೇ, ಚೆನ್ನಾಗಿ ಮಾತಾಡುವವನನ್ನೇ ಮತ್ತೆ ಮತ್ತೆ ಆರಿಸಬೇಕಾಗುತ್ತದೆ. ಉಳಿದವರು ಚಪ್ಪಾಳೆ ತಟ್ಟುವವರಾಗಿ ಉಳಿಯುತ್ತಾರೆ. ಬಾಣದ ಕಾಗದದಲ್ಲಿ ಆಗ ಕಂಡದ್ದೂ ಅದೇ: ಮೊದಲೇ ಹೆಚ್ಚು ಬಾಣ ಬರುತ್ತಿದ್ದವರಿಗೆ ಇನ್ನಷ್ಟು ಬಂದವು, ಇಲ್ಲದವರಿಗೆ ಒಂದೂ ಬರಲಿಲ್ಲ.

ಎರಡನೆಯದು ಶನಿವಾರದ ಆಸಕ್ತಿ ಸಂಘಗಳು: ವಿಜ್ಞಾನ, ಚಿತ್ರಕಲೆ, ಓದು. ನೂರಾರು ಮಕ್ಕಳಿರುವ ಶಾಲೆಗೆ ಇದು ಒಳ್ಳೆಯ ವ್ಯವಸ್ಥೆಯೇ ಸರಿ. ನಮ್ಮಲ್ಲಿ ಆಸಕ್ತಿ ಎಂಬುದು ಗೆಳೆತನದ ಇನ್ನೊಂದು ಹೆಸರಾಯಿತು. ಆರು ಮತ್ತು ಏಳನೇ ತರಗತಿಯ ಹುಡುಗರೆಲ್ಲ ಒಂದೇ ಸಂಘ ಸೇರಿದರು, ಓದಿನ ಸಂಘದಲ್ಲಿ ಬೆರಳೆಣಿಕೆಯ ಹುಡುಗಿಯರು ಉಳಿದರು, ಪುಟ್ಟ ಮಕ್ಕಳಿಗೆ ಎಲ್ಲಿಯೂ ಜಾಗವಿರಲಿಲ್ಲ. ಶಿಕ್ಷಕರೊಬ್ಬರು ತರಬೇತಿಗೋ ಸಭೆಗೋ ಹೋದರೆ ಆ ಶನಿವಾರ ಅವರ ಸಂಘವೇ ಇಲ್ಲ.

ಮೂರನೆಯದರ ಬಗ್ಗೆ ಹೆಚ್ಚು ಹೇಳಬೇಕಿದೆ. ಜಿಲ್ಲೆಯ ನದಿಗಳಾದ ಕಾವೇರಿ, ಹೇಮಾವತಿ, ಲೋಕಪಾವನಿ, ಶಿಂಷಾ ಹೆಸರಿನ ನಾಲ್ಕು ತಂಡ ಮಾಡಿ, ಒಂದೊಂದರಲ್ಲಿಯೂ ಒಂದನೇ ತರಗತಿಯಿಂದ ಏಳನೆಯದರವರೆಗಿನ ಮಕ್ಕಳನ್ನು ಸೇರಿಸಿದೆವು. ಇದರ ಬೀಜ ನಲಿಕಲಿಯಲ್ಲಿಯೇ ಇದೆ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಆ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಬೆರೆತು ‘ತಟ್ಟೆ’ ಎಂದು ಕರೆಯುವ ಗುಂಪುಗಳಲ್ಲಿ ಕೂರುತ್ತಾರೆ, ಗೆಳೆಯರ ಸಹಾಯದಿಂದ ಕಲಿಯುವ ತಟ್ಟೆಯೂ ಇರುತ್ತದೆ. ನಾಲ್ಕನೇ ತರಗತಿಗೆ ಬಂದೊಡನೆ ಈ ಬೆರಕೆ ಏಕೆ ನಿಲ್ಲಬೇಕು ಎಂಬುದು ನನ್ನ ಬಹುಕಾಲದ ಪ್ರಶ್ನೆಯಾಗಿತ್ತು.

ತಂಡಗಳಿಗೆ ಕೊಟ್ಟದ್ದು ಸ್ಪರ್ಧೆಯನ್ನಲ್ಲ, ವಾರಕ್ಕೊಂದರಂತೆ ಸರದಿಯ ಹೊಣೆಯನ್ನು: ಪ್ರಾರ್ಥನೆ ಮತ್ತು ಪತ್ರಿಕೆ ಓದು, ಕೈತೋಟ, ಮೈದಾನ, ಹಾಲಿನ ಲೆಕ್ಕ. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯದಲ್ಲಿ ಒಂದು ಮಗುವಿಗೆ 18 ಗ್ರಾಂ ಪುಡಿಯಿಂದ 150 ಮಿಲಿಲೀಟರ್ ಹಾಲು. ಬೆಳಗಿನ ಹಾಜರಿಯ ಸಂಖ್ಯೆ ಅಡುಗೆಮನೆಗೆ ತಲುಪಿದ ಮೇಲೆಯೇ ಅಡುಗೆಯವರು ಪುಡಿ ಅಳೆಯುತ್ತಾರೆ. ಬಳ್ಳಾರಿ ಕಡೆಯಿಂದ ಕಬ್ಬು ಕಡಿಯಲು ಬಂದ ಕುಟುಂಬದ ಐದನೇ ತರಗತಿಯ ಹುಡುಗಿಯೊಬ್ಬಳು ತರಗತಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ, ಏಕೆಂದರೆ ಅವಳು ‘ರೀ’ ಹಚ್ಚಿ ಮಾತಾಡಿದರೆ ಓರಗೆಯವರು ನಗುತ್ತಿದ್ದರು. ಶಿಂಷಾ ತಂಡದ ಸರದಿಯಲ್ಲಿ ಲೆಕ್ಕ ಅವಳ ಪಾಲಿಗೆ ಬಂತು. ಪ್ರತಿ ಕೋಣೆಯ ಬಾಗಿಲಲ್ಲಿ ನಿಂತು ತಲೆ ಎಣಿಸಿ, ಅಡುಗೆಮನೆಯ ಗೋಡೆಯ ಕಪ್ಪು ಚೌಕದಲ್ಲಿ ಸೀಮೆಸುಣ್ಣದಿಂದ ಸಂಖ್ಯೆ ಬರೆದು, ಅಷ್ಟೇ ಲೋಟಗಳನ್ನು ಒಂದನೇ ತರಗತಿಯ ಇಬ್ಬರಿಂದ ಜೋಡಿಸಿಡುವ ಕೆಲಸ ಅದು. ಆ ಪುಟ್ಟವರಿಗೆ ಅವಳ ಮಾತು ವಿಚಿತ್ರವೆನಿಸಲಿಲ್ಲ. ಅವರಿಗೆ ಅವಳು ಅಕ್ಕ. ಜ್ವರದಿಂದ ಅವಳು ಬಾರದ ದಿನ ಅವರಲ್ಲೊಬ್ಬ ನನ್ನ ಬಳಿ ಓಡಿಬಂದು, ‘ಮಿಸ್, ನಮ್ಮಕ್ಕ ಬಂದಿಲ್ಲ, ಲೋಟ ಯಾರು ಎಣಿಸೋದು?’ ಎಂದು ಕೇಳಿದ. ಆ ವರ್ಷದ ಕೊನೆಯ ಕಾಗದದಲ್ಲಿ ಅವಳ ಹೆಸರಿಗೆ ಬಂದ ಬಾಣಗಳೆಲ್ಲ ಕೆಳಗಿನ ತರಗತಿಗಳಿಂದ ಬಂದಿದ್ದವು. ಓರಗೆಯವರು ಬಿಟ್ಟುಕೊಡದ ಜಾಗವನ್ನು ಕಿರಿಯರು ಕೊಟ್ಟಿದ್ದರು. ಉಳಿದೆರಡು ಬಗೆಗಳಲ್ಲಿ ಇದಕ್ಕೆ ದಾರಿಯೇ ಇರಲಿಲ್ಲ.

ಹೀಗಾಗುವುದಕ್ಕೆ ಕಾರಣವನ್ನು ಮನಶ್ಶಾಸ್ತ್ರಜ್ಞರಾದ ರೋಜರ್ ಬಾರ್ಕರ್ ಮತ್ತು ಪಾಲ್ ಗಂಪ್ ಅಮೆರಿಕದ ಕಾನ್ಸಾಸ್ ರಾಜ್ಯದ ಪ್ರೌಢಶಾಲೆಗಳನ್ನು ಅಧ್ಯಯನ ಮಾಡಿ 1964ರಲ್ಲಿಯೇ ವಿವರಿಸಿದ್ದರು: ದೊಡ್ಡ ಶಾಲೆಯಲ್ಲಿ ಚಟುವಟಿಕೆಗಳು ಹೆಚ್ಚಿದ್ದರೂ ಒಬ್ಬೊಬ್ಬ ವಿದ್ಯಾರ್ಥಿಗೆ ದಕ್ಕುವ ಹೊಣೆಯ ಸ್ಥಾನಗಳು ಕಡಿಮೆ, ಸಣ್ಣ ಶಾಲೆಯಲ್ಲಿ ಜನ ಸಾಲದ ಕಾರಣ ಹಿಂದುಳಿದವರನ್ನೂ ಕರೆಯಲೇಬೇಕು. ಸಂಖ್ಯೆ ಕಡಿಮೆಯೆಂಬ ನಮ್ಮ ಕೊರತೆಯೇ ಇಲ್ಲಿ ನಮ್ಮ ಬಂಡವಾಳ.

ಆಟದಲ್ಲಿಯೂ ಇದೇ ಲೆಕ್ಕ. ಕಬಡ್ಡಿಯಲ್ಲಿ ಮೈತೂಕವೇ ಮುಖ್ಯವಾಗಿ ಪುಟ್ಟವರು ಅಂಕಣದ ಹೊರಗೆ ನಿಲ್ಲುತ್ತಾರೆ. ಖೋಖೋದಲ್ಲಿ ಎಂಟು ಮಂದಿ ಸಾಲಿನಲ್ಲಿ ಕೂತು ಒಂಬತ್ತನೆಯವರು ಅಟ್ಟಿಸುವುದರಿಂದ, ಒಂದು ತಂಡದ ಹೆಚ್ಚುಕಡಿಮೆ ಎಲ್ಲರೂ ಬೇಕಾಗುತ್ತಾರೆ, ಮತ್ತು ಬಗ್ಗಿ ನುಸುಳುವ ಮೂರನೇ ತರಗತಿಯ ಹುಡುಗಿಯನ್ನು ಹಿಡಿಯುವುದು ದೊಡ್ಡವರಿಗೂ ಸುಲಭವಲ್ಲ.

ಈ ಬಗೆಯಲ್ಲಿ ಎಚ್ಚರ ತಪ್ಪಬಾರದ ಜಾಗಗಳೂ ಇವೆ. ಏಳನೇ ತರಗತಿಯ ನಾಯಕ ಗದರುವ ಮೇಸ್ತ್ರಿಯಾಗದಂತೆ ನಾಯಕತ್ವವನ್ನು ತಿಂಗಳಿಗೊಮ್ಮೆ ಬದಲಿಸಬೇಕು. ಹುಡುಗಿಯರಿಗೆ ಪೊರಕೆ, ಹುಡುಗರಿಗೆ ಗುದ್ದಲಿ ಎಂಬ ಹಂಚಿಕೆ ತಾನೇ ತಾನಾಗಿ ನುಸುಳುತ್ತದೆ. ಸರದಿಯ ಪಟ್ಟಿಯನ್ನು ಗೋಡೆಗೆ ಅಂಟಿಸಿದರೆ ಈ ಹಂಚಿಕೆ ನಿಲ್ಲುತ್ತದೆ. ಬಿಸಿ ಹಾಲಿನ ಪಾತ್ರೆಯನ್ನು ದೊಡ್ಡವರೇ ಎತ್ತಬೇಕು. ಶೌಚಾಲಯ ತೊಳೆಯುವ ಕೆಲಸವನ್ನು ಯಾವ ತಂಡಕ್ಕೂ, ಯಾವ ನೆಪದಲ್ಲಿಯೂ ಕೊಡಕೂಡದು.

ತಂಡದ ಪದ್ಧತಿ ಒಂದು ಪ್ರತಿಭೆಯನ್ನು ಹದಗೊಳಿಸಲಾರದು ಎಂಬುದೂ ನಿಜ. ನಿಜಕ್ಕೂ ಹಾಡಬಲ್ಲ, ನಟಿಸಬಲ್ಲ ಮಗುವಿಗೆ ಗುರು ಬೇಕು. ಮೈಸೂರಿನಲ್ಲಿ ಬಂಧುಗಳಿರುವ ಪೋಷಕರಿಗೆ, ಅಲ್ಲಿನ ನಾಟಕ ಸಂಸ್ಥೆ ರಂಗಾಯಣವು ಬೇಸಿಗೆ ರಜೆಯಲ್ಲಿ ನಡೆಸುವ ಮಕ್ಕಳ ಶಿಬಿರವಾದ ಚಿಣ್ಣರ ಮೇಳದ ವಿಷಯವನ್ನು ನಾನು ಮುಂಚಿತವಾಗಿಯೇ ತಿಳಿಸುತ್ತೇನೆ. ಎರಡು ಮೂರು ಶಿಕ್ಷಕರಿರುವ ಶಾಲೆಯವರು ಕೇಳಿದರೆ ನನ್ನ ಸಲಹೆ ಇಷ್ಟು: ಜೂನ್‌ನಲ್ಲಿಯೇ ತಂಡಗಳನ್ನು ಮಾಡಿ, ಮಗು ಶಾಲೆ ಬಿಡುವವರೆಗೂ ಅದರ ತಂಡವನ್ನು ಬದಲಿಸಬೇಡಿ, ಪ್ರತಿಭಾ ಕಾರಂಜಿಗೆ ಕ್ಲಸ್ಟರ್ ಸ್ಪರ್ಧೆಗೆ ಮುಂಚಿನ ಕೆಲವು ವಾರಗಳನ್ನು ಮಾತ್ರ ಕೊಟ್ಟು, ಹೆಸರುಗಳನ್ನು ಪ್ರತಿ ತಂಡದಿಂದಲೂ ತೆಗೆದುಕೊಳ್ಳಿ, ಆಸಕ್ತಿ ಸಂಘಗಳ ಯೋಚನೆಯನ್ನು ದಾಖಲಾತಿ ನೂರು ದಾಟಿದ ಮೇಲೆ ಮಾಡಬಹುದು.