ನೀರೋ ಎಣ್ಣೆಯೋ: ಮನೆಯಲ್ಲಿ ಟಾಂಟೋ ಮಾಡಿ ನೋಡಿದ್ದು

ನಮ್ಮ ಗ್ಯಾರೇಜಿನ ಗೋಡೆಯಲ್ಲಿ ಸೀಳಿಹೋದ ಎರಡು ಅಲಗು ನೇತುಹಾಕಿದ್ದೇನೆ. ಕೆಂಪಗೆ ಕಾದ ಅಲಗನ್ನು ಗಟ್ಟಿಮಾಡಲು ನೀರಿಗೋ ಎಣ್ಣೆಗೋ ಅದ್ದಬೇಕು; ಎರಡೂ ಹೋದದ್ದು ನೀರಿನಲ್ಲಿ. ಕೆಳಗೆ ಮೇಜಿನ ಮೇಲೆ ಉಳಿದುಕೊಂಡ ಎರಡಿವೆ, ಒಂದು ಎಣ್ಣೆಯದು, ಒಂದು ನೀರಿನದು. ನಾಲ್ಕೂ ಒಂದೇ ಉಕ್ಕು, ಒಂದೇ ಅಳತೆ. ಟಾಂಟೋ ಅಂದರೆ ಜಪಾನಿನ ಗಿಡ್ಡ ಕತ್ತಿ. ಅಲಗು ಒಂದು ಶಾಕು, ಅಂದರೆ 30.3 ಸೆಂಟಿಮೀಟರಿಗಿಂತ ಕಡಿಮೆ ಇರಬೇಕು. ನನ್ನವು 24.

ಜಪಾನಿನಲ್ಲೇ ಇದ್ದಿದ್ದರೆ ಇದನ್ನು ಮನೆಯಲ್ಲಿ ಮಾಡುವ ಹಾಗೇ ಇಲ್ಲ. ಅಲ್ಲಿ ಪರವಾನಗಿ ಇರುವ ಗುರುವಿನ ಹತ್ತಿರ ಕನಿಷ್ಠ 5 ವರ್ಷ ಕಲಿತು, ಸರ್ಕಾರದ ಪರವಾನಗಿ ಪಡೆಯಬೇಕು. ಆಮೇಲೂ ತಿಂಗಳಿಗೆ ಉದ್ದ ಕತ್ತಿ ಎರಡು, ಇಲ್ಲವೇ ಗಿಡ್ಡ ಕತ್ತಿ ಮೂರು, ಅಷ್ಟೇ. ಶಿಮಾನೆಯ ಒಕುಇಜುಮೋದಲ್ಲಿ ಕರಗಿಸುವ, ಕತ್ತಿಗೆಂದೇ ಇರುವ ತಮಹಗಾನೆ ಉಕ್ಕು ಹೋಗುವುದೂ ಅವರಿಗೇ. ನಾನು ಮಿಶಿಗನ್‌ನಲ್ಲಿ ಗ್ಯಾಸ್ ಕುಲುಮೆ ಇಟ್ಟುಕೊಂಡವನು. ನನ್ನದನ್ನು ಟಾಂಟೋ ಥರದ್ದು ಅಂದರೆ ಸರಿ.

ಉಕ್ಕಿನ ವಿಷಯದಲ್ಲಿ ಜಾಸ್ತಿ ಯೋಚಿಸಬೇಡಿ. ಈ ನಾಲ್ಕಕ್ಕೂ ಮೊದಲು ಹಳೇ ಪಿಕಪ್ ಗಾಡಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಒಂದು ಮಾಡಿದ್ದೆ. ಪುಕ್ಕಟೆ ಸಿಕ್ಕಿತ್ತು, ಗಟ್ಟಿಯಾಗಿಯೂ ಬಂತು. ಆದರೆ ಹಮೋನ್ ಬರಲೇ ಇಲ್ಲ. ಹಮೋನ್ ಅಂದರೆ ಬಾಯಿಯ (ಕೊಯ್ಯುವ ಅಂಚಿನ) ಗಟ್ಟಿ ಭಾಗಕ್ಕೂ ಬೆನ್ನಿನ ಮೆತ್ತನೆ ಭಾಗಕ್ಕೂ ನಡುವೆ ಕಾಣುವ ಹಾಲಿನಂಥ ಗೆರೆ. ಸ್ಪ್ರಿಂಗ್ ಉಕ್ಕಿನಲ್ಲಿ ಕ್ರೋಮಿಯಂ ಥರದ್ದು ಬೆರೆತಿರುತ್ತದೆ, ನಿಧಾನವಾಗಿ ತಣಿದರೂ ಒಳಗಿನವರೆಗೆ ಗಟ್ಟಿಯಾಗುತ್ತದೆ. ಗೆರೆ ಬೇಕಿದ್ದರೆ 1095 ಅನ್ನುವ ಉಕ್ಕು ತಗೊಳ್ಳಿ. ಇಂಗಾಲ ಸುಮಾರು 0.95 ಪ್ರತಿಶತ, ಬೇರೆ ಬೆರಕೆ ತೀರಾ ಕಡಿಮೆ.

ಇನ್ನು ಅದ್ದುವುದು. ಅಲಗಿನ ಬೆನ್ನಿಗೆ ದಪ್ಪಗೆ, ಬಾಯಿಗೆ ತೆಳ್ಳಗೆ ಮಣ್ಣು ಬಳಿಯಬೇಕು, ಆಗ ಬೆನ್ನು ನಿಧಾನ ತಣಿದು ಮೆತ್ತಗೇ ಉಳಿಯುತ್ತದೆ. ಒಣಗಿದ ಮೇಲೆ ಕುಲುಮೆಗೆ. 770 ಡಿಗ್ರಿ ದಾಟಿದರೆ ಅಯಸ್ಕಾಂತ ಹಿಡಿಯುವುದಿಲ್ಲ. ಅಲ್ಲಿಂದ ಇನ್ನು ಸ್ವಲ್ಪ, 800ರ ಆಸುಪಾಸು. ಕತ್ತಲಲ್ಲಿ ಮಾಡಿದರೆ ಬಣ್ಣ ಸರಿಯಾಗಿ ಗೊತ್ತಾಗುತ್ತದೆ.

ಎಣ್ಣೆಗೆ ನಾನು ಬಳಸಿದ್ದು ಕನೋಲಾ, 55 ಡಿಗ್ರಿಗೆ ಬಿಸಿ ಮಾಡಿ. ಭಗ್ ಅಂತ ಬೆಂಕಿ ಎದ್ದಿತು, ಗ್ಯಾರೇಜೆಲ್ಲ ಬೋಂಡಾ ಕರಿದ ವಾಸನೆ. ಅಲಗಿಗೆ ಏನೂ ಆಗಲಿಲ್ಲ. ಒಂದೇ ತಕರಾರು: ಎಣ್ಣೆಯಲ್ಲಿ ಅಲಗು ಬಾಯಿಯ ಕಡೆಗೆ ಬಾಗುತ್ತದೆ. ನನ್ನದರ ಮೂಗು 2 ಮಿಲಿಮೀಟರ್ ಕೆಳಗೆ ಬಂತು, ಮುನಿಸಿಕೊಂಡ ಮಗುವಿನ ಮುಖದ ಹಾಗೆ. ಮೊದಲೇ ಅಷ್ಟನ್ನು ಹಿಂದಕ್ಕೆ ಬಗ್ಗಿಸಿಟ್ಟಿದ್ದರೆ ನೇರವಾಗುತ್ತಿತ್ತು.

ನೀರಿನಲ್ಲಿ ಇದು ಉಲ್ಟಾ. ಬಾಯಿ ಕ್ಷಣದಲ್ಲಿ ಗಟ್ಟಿಯಾಗಿ ಉಬ್ಬುತ್ತದೆ, ಅಲಗು ಬೆನ್ನಿನ ಕಡೆಗೆ ಬಾಗುತ್ತದೆ. ಜಪಾನಿ ಕತ್ತಿಯ ಆ ಚಂದದ ಬಾಗು ಹುಟ್ಟುವುದೇ ಹೀಗೆ. ಬಿರುಕು ಹುಟ್ಟುವುದೂ ಹೀಗೇ. ಮೊದಲನೆಯದನ್ನು ಅದ್ದಿ ಎರಡು ಸೆಕೆಂಡ್ ಆಗಿರಲಿಲ್ಲ, ನೀರೊಳಗಿಂದ ಗಾಜಿನ ಬಳೆ ಒಡೆದಂಥ ಸದ್ದು. ಟಿಂಗ್. ಬಾಯಿಯಿಂದ ಅರ್ಧದವರೆಗೆ ಸೀಳು. ಬಾಯನ್ನು ಅರ ಹಾಕಿ ತೀರಾ ತೆಳ್ಳಗೆ ಮಾಡಿದ್ದೆ, ಅದೇ ತಪ್ಪು. ಅದ್ದುವಾಗ 2 ಮಿಲಿಮೀಟರ್ ಆದರೂ ದಪ್ಪ ಇರಲಿ. ಎರಡನೆಯದು ಸದ್ದೇ ಮಾಡಲಿಲ್ಲ. ನಾಲ್ಕು ಸಂಜೆ ಕೂತು ಉಜ್ಜಿ, 400ರ ಎಮೆರಿ ಪೇಪರಿಗೆ ಬಂದಾಗ ತುದಿಯ ಹತ್ತಿರ ಒಂದು ಕೂದಲು ಕಂಡಿತು. ಒರೆಸಿದೆ, ಹೋಗಲಿಲ್ಲ. ಮತ್ತೆ ಒರೆಸಿದೆ. ಅದು ಕೂದಲಲ್ಲ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು.

ಮೂರನೆಯದಕ್ಕೆ ನೀರನ್ನು 40 ಡಿಗ್ರಿಗೆ ಬೆಚ್ಚಗೆ ಮಾಡಿಕೊಂಡೆ. ಮೂರು ಎಣಿಸುವಷ್ಟು ಹೊತ್ತು ನೀರು, ತಕ್ಷಣ ಎಣ್ಣೆ. ಉಳಿಯಿತು. ಆಮೇಲೆ ಉಳಿದ ಎರಡಕ್ಕೂ ಪೆಡಸುತನ ಇಳಿಯಲಿ ಅಂತ ಅಡುಗೆಮನೆಯ ಓವನ್‌ನಲ್ಲಿ 200 ಡಿಗ್ರಿ, ಎರಡೆರಡು ಗಂಟೆ, ಎರಡು ಸಲ. (ಅಲಗನ್ನು ಸೋಪು ಹಾಕಿ ತೊಳೆದೇ ಒಳಗಿಡಿ. ನಾನು ತೊಳೆದಿರಲಿಲ್ಲ. ಮನೆಯಲ್ಲಿ ಆ ವಿಷಯ ಈಗಲೂ ಬರುತ್ತದೆ.)

2000ದ ಪೇಪರಿನವರೆಗೆ ಉಜ್ಜಿ ಬಿಸಿ ವಿನೆಗರ್ ಸವರಿದಾಗ ಫರಕು ಕಣ್ಣಿಗೇ ಬಿತ್ತು. ಎಣ್ಣೆಯ ಗೆರೆ ಮೆತ್ತಗೆ, ಸ್ವಲ್ಪ ಮಬ್ಬು. ನೀರಿನದರಲ್ಲಿ ಗೆರೆಯುದ್ದಕ್ಕೂ ಅಕ್ಕಿಹಿಟ್ಟು ಉದುರಿಸಿದ ಹಾಗೆ ಸಣ್ಣ ಬಿಳಿ ಕಾಳುಗಳು. ದೀಪದ ಕೆಳಗೆ ತಿರುಗಿಸಿದರೆ ಮಿನುಗುತ್ತವೆ. ಚಂದ ಅಂದರೆ ನೀರಿನದೇ, ಮಾತಿಲ್ಲ. ಆದರೆ ಮೂರಕ್ಕೆ ಒಂದು ಉಳಿಯುವ ಲೆಕ್ಕ ಮೊದಲ ಸಲದವರಿಗೆ ಬೇಡ, ಅಲ್ವಾ? ಎಣ್ಣೆಯಲ್ಲೇ ಶುರುಮಾಡಿ.

ಅಲಗಿನ ಬುಡಕ್ಕೆ ಹಾಕುವ ಹಬಾಕಿ ಪಟ್ಟಿಗೆ ತಾಮ್ರವೇ ಸಾಕು. ಹಿತ್ತಾಳೆ ಮಡಚುವಾಗ ಮೂಲೆಯಲ್ಲಿ ಬಿರಿಯಿತು.

ಒರೆಗೆ ಜಪಾನಿನಲ್ಲಿ ಹೋನೋಕಿ ಮರ ಬಳಸುತ್ತಾರೆ. ಮ್ಯಾಗ್ನೋಲಿಯಾ ಜಾತಿ, ನಮ್ಮ ಸಂಪಿಗೆಯ ಬಳಗ. ಇಲ್ಲಿ ಸುಲಭವಾಗಿ ಸಿಗುವ ಟ್ಯುಲಿಪ್ ಪಾಪ್ಲರ್ ಕೂಡ ಅದೇ ಕುಟುಂಬ, ಕೊರೆಯಲು ಮೆತ್ತಗೆ. ಎರಡು ಹೋಳಿನ ಒಳಗೆ ಕೊರೆದು ಜೋಡಿಸಬೇಕು. ಒಂದಕ್ಕೆ ಬಡಗಿಯ ಅಂಟು ಹಾಕಿದೆ, ಇನ್ನೊಂದಕ್ಕೆ ಅಲ್ಲಿನವರ ಹಾಗೆ ಅನ್ನ. ಹೌದು, ಅನ್ನವೇ. ಗಾಳಿಪಟಕ್ಕೆ ಅನ್ನದ ಅಗುಳು ತಿಕ್ಕಿ ಬೆಳೆದವನಿಗೆ ಇದು ಹೊಸದೇನಲ್ಲ. ರಾತ್ರಿ ಉಳಿದ ಸೋನಾಮಸೂರಿ ಅನ್ನ ಎಷ್ಟು ಅರೆದರೂ ತರಿತರಿ. ಅಂಟಂಟಾದ ಜಪಾನಿ ಅಕ್ಕಿ ಐದೇ ನಿಮಿಷದಲ್ಲಿ ನುಣ್ಣಗಾಯಿತು.

ಗೆದ್ದದ್ದು ಅನ್ನ. ಎರಡು ಒರೆಯಲ್ಲೂ ಒಳಗಡೆ ಒಂದು ಕಡೆ ಅಲಗಿಗೆ ತಾಗುತ್ತಿತ್ತು, ಬಿಚ್ಚಲೇಬೇಕಾಯಿತು. ಅನ್ನದ ಕೀಲಿಗೆ ಚಾಕು ಇಟ್ಟು ಮೆಲ್ಲಗೆ ತಟ್ಟಿದೆ, ಕಡಲೆಕಾಯಿ ಸುಲಿದ ಹಾಗೆ ಎರಡಾಯಿತು. ಬಡಗಿಯ ಅಂಟಿನದು ಕೀಲು ಬಿಟ್ಟು ಮರವೇ ಸೀಳಿತು.

ಹಿಡಿಗೆ ತೊರಕೆ (ರೇ) ಮೀನಿನ ಚರ್ಮದ ಮೇಲೆ ಹತ್ತಿಯ ಪಟ್ಟಿ ಸುತ್ತಿ ನೋಡಿದೆ. ಪ್ರತಿ ತಿರುವಿನ ಕೆಳಗೂ ಕಾಗದದ ಸಣ್ಣ ತ್ರಿಕೋನ ಇಡಬೇಕು. ಸೋಮಾರಿತನಕ್ಕೆ ಬಿಟ್ಟೆ, ವಾರದಲ್ಲೇ ಸಡಿಲವಾಯಿತು. ಶಿರಸಾಯಾ ಅನ್ನುವ ಬರೀ ಮರದ ಹಿಡಿಗೆ ಈ ರಗಳೆಯಿಲ್ಲ. ಬಿದಿರಿನ ಒಂದೇ ಒಂದು ಮೊಳೆ ಅಷ್ಟನ್ನೂ ಹಿಡಿದಿಡುತ್ತದೆ. ಸುತ್ತಿದ ಹಿಡಿ ಫೋಟೋಗೆ ಚಂದ ನಿಜ. ಅದನ್ನು ಬಿಚ್ಚಿ ಡಬ್ಬದಲ್ಲಿ ಹಾಕಿಟ್ಟಿದ್ದೇನೆ. ನೀರಿನ ಅಲಗಿಗೂ ಈಗ ಮರದ ಹಿಡಿಯೇ.