ಏಳರ ನಂತರ ಹನ್ನೊಂದು: ಗಡಿನಾಡಿನ ಒಂದು ಪದವಿ ಕಾಲೇಜಿನ ಸೇವೆಯ ಬಗ್ಗೆ

ತಂಗಿಯ ಮಗಳನ್ನು ಪದವಿ ತರಗತಿಗೆ ಸೇರಿಸಿ ಒಂದು ವರ್ಷ ಕಳೆಯಿತು. ಸೇರಿಸುವ ಓಡಾಟವೂ, ಆಮೇಲೆ ಶುಲ್ಕ, ಪರೀಕ್ಷಾ ಅರ್ಜಿ, ಬಸ್ ಕನ್ಸೆಷನ್ ಎಂದು ಕಚೇರಿಯ ಕಿಟಕಿಯ ಮುಂದೆ ನಿಲ್ಲುವ ಕೆಲಸವೂ ನನ್ನ ಪಾಲಿಗೇ ಬಂದುದರಿಂದ ಆ ಕಾಲೇಜು ಕೊಡುವ ಸೇವೆಯನ್ನು ಹತ್ತಿರದಿಂದ ನೋಡಲು ಸಾಧ್ಯವಾಯಿತು. ಮುಂದಿನ ಜೂನ್‌ನಲ್ಲಿ ಮಕ್ಕಳನ್ನು ಎಲ್ಲಿಗೆ ಸೇರಿಸುವುದೆಂದು ಈಗಲೇ ಯೋಚಿಸುತ್ತಿರುವ, ಕೇರಳದ ಕಾಸರಗೋಡು ಜಿಲ್ಲೆಯ ಉಪ್ಪಳ, ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ಹೆತ್ತವರಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ. ಕಾಲೇಜಿನ ಹೆಸರನ್ನಾಗಲಿ ಅದು ಸೇರಿರುವ ಸಾರ್ವಜನಿಕ ವಿಶ್ವವಿದ್ಯಾನಿಲಯದ ಹೆಸರನ್ನಾಗಲಿ ಹೇಳುವುದಿಲ್ಲ. ನಾನು ಹೇಳಲಿರುವ ಕೊರತೆ ಒಂದೇ ಕಟ್ಟಡದ್ದಲ್ಲವೆಂದು ಬೇರೆ ಬೇರೆ ಕಾಲೇಜುಗಳಲ್ಲಿ ಮಕ್ಕಳನ್ನು ಓದಿಸುತ್ತಿರುವ ಪರಿಚಿತರ ಮಾತಿನಿಂದ ನನಗೆ ಮನವರಿಕೆಯಾಗಿದೆ.

ಮೊದಲು ಒಳ್ಳೆಯದನ್ನು ಹೇಳಬೇಕು, ಏಕೆಂದರೆ ಸೇರ್ಪಡೆಯ ಸೇವೆ ನಿಜವಾಗಿಯೂ ಚೆನ್ನಾಗಿದೆ. ನಾನು ಪದವಿಗೆ ಸೇರಿದ ಕಾಲದಲ್ಲಿ ಸೀಟಿಗಾಗಿ ಪರಿಚಯದವರ ಪರಿಚಯದವರನ್ನು ಹುಡುಕಿಕೊಂಡು ಹೋಗಬೇಕಿತ್ತು. ಈಗ ಸೀಟೇ ಮಕ್ಕಳನ್ನು ಹುಡುಕಿಕೊಂಡು ಬರುತ್ತಿದೆ. ಪ್ಲಸ್ ಟು ಪರೀಕ್ಷೆ ಮುಗಿಯುವ ಮೊದಲೇ ಇಬ್ಬರು ಅಧ್ಯಾಪಕರು ಶಾಲೆಗೆ ಬಂದು ಕರಪತ್ರ ಹಂಚಿದ್ದರು. ಅರ್ಜಿ ತುಂಬಿಸಲು ಕಾಲೇಜಿನಲ್ಲಿ ಸಹಾಯದ ಮೇಜು ಇತ್ತು, ಅಲ್ಲಿ ಕನ್ನಡದಲ್ಲಿ ಮಾತನಾಡುವವರೂ ಇದ್ದರು. ಮೂಲ ಪ್ರಮಾಣಪತ್ರಗಳನ್ನು ನೋಡಿ, ನಕಲು ಇಟ್ಟುಕೊಂಡು, ಅಲ್ಲಿಯೇ ಹಿಂದಿರುಗಿಸಿದರು. ಮೂಲ ಪ್ರತಿಗಳನ್ನು ಕಾಲೇಜುಗಳು ಹಿಡಿದಿಟ್ಟುಕೊಳ್ಳಬಾರದೆಂದು ಯುಜಿಸಿ (ವಿಶ್ವವಿದ್ಯಾನಿಲಯ ಅನುದಾನ ಆಯೋಗ) 2018ರಲ್ಲಿಯೇ ಹೇಳಿದ್ದರೂ ಅದನ್ನು ಪಾಲಿಸದ ಖಾಸಗಿ ಸಂಸ್ಥೆಗಳ ಅನುಭವ ನಮ್ಮ ಬಂಧುಗಳಲ್ಲಿಯೇ ಇರುವುದರಿಂದ ಇದನ್ನು ಮುಖ್ಯವಾಗಿ ಗುರುತಿಸುತ್ತೇನೆ.

ಇಷ್ಟೆಲ್ಲ ಮಾಡಿಯೂ ಸೀಟುಗಳು ತುಂಬಲಿಲ್ಲ. ಕೊನೆಯ ಅಲಾಟ್‌ಮೆಂಟ್ ಮುಗಿದ ಮೇಲೆಯೂ, ಉಳಿದ ಸೀಟುಗಳಿಗೆ ನೇರವಾಗಿ ಸೇರಿಸಿಕೊಳ್ಳುವ ಸ್ಪಾಟ್ ಅಡ್ಮಿಷನ್‌ನ ಚೀಟಿ ಸೂಚನಾ ಫಲಕದಲ್ಲಿ ವಾರಗಟ್ಟಲೆ ಇತ್ತು. ಇದಕ್ಕೆ ಕಾಲೇಜನ್ನು ಮಾತ್ರ ದೂರುವುದು ನ್ಯಾಯವಲ್ಲ. 1957ರಲ್ಲಿ ಕಾಸರಗೋಡಿನಲ್ಲಿ ಸರಕಾರಿ ಕಾಲೇಜು ಆರಂಭವಾದಾಗ ಈ ಭಾಗದವರಿಗೆ ಅದೊಂದೇ ಆಸರೆಯಂತಿತ್ತು. ಆಮೇಲೆ 1980ರಲ್ಲಿ ಮಂಜೇಶ್ವರಕ್ಕೆ ಗೋವಿಂದ ಪೈಗಳ ಹೆಸರಿನ ಕಾಲೇಜು ಬಂತು, ಅದೇ ವರ್ಷ ಗಡಿಯಾಚೆ ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ, 1996ರಲ್ಲಿ ಕಣ್ಣೂರು ವಿಶ್ವವಿದ್ಯಾನಿಲಯ, 2009ರಲ್ಲಿ ಕೇಂದ್ರೀಯ ವಿಶ್ವವಿದ್ಯಾನಿಲಯ. ಇವುಗಳ ನಡುನಡುವೆ ಸರಕಾರದ ಅನುದಾನವಿಲ್ಲದ ಸ್ವಾಶ್ರಯ ಕಾಲೇಜುಗಳು, ದೇರಳಕಟ್ಟೆಯಿಂದ ಮಂಗಳೂರಿನವರೆಗೆ ನರ್ಸಿಂಗ್ ಮತ್ತು ಪ್ಯಾರಾಮೆಡಿಕಲ್ ಸಂಸ್ಥೆಗಳು. ಇತ್ತ ಮಕ್ಕಳ ಸಂಖ್ಯೆ ಇಳಿಯುತ್ತಿದೆ. ಕೇರಳದಲ್ಲಿ ಜನನ ಪ್ರಮಾಣ ಎಂಬತ್ತರ ದಶಕದ ಕೊನೆಗೇ ಒಬ್ಬ ತಾಯಿಗೆ ಎರಡು ಮಕ್ಕಳ ಮಟ್ಟಕ್ಕೆ ಬಂದಾಗಿತ್ತು. ಇದ್ದ ಮಕ್ಕಳು ಓದುತ್ತಿಲ್ಲವೆಂದೂ ಅಲ್ಲ: 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ಹದಿನೆಂಟರಿಂದ ಇಪ್ಪತ್ತಮೂರು ವಯಸ್ಸಿನವರಿಗೆ ಹೋಲಿಸಿದ ದಾಖಲಾತಿಯ ಪ್ರಮಾಣ ದೇಶದಲ್ಲಿ ನೂರಕ್ಕೆ 28.4 ಇದ್ದರೆ ಕೇರಳದಲ್ಲಿ 41.3 ಇತ್ತು. ಓದುತ್ತಾರೆ, ಆದರೆ ಬೇರೆಡೆ ಓದುತ್ತಾರೆ. ಕೇರಳದಿಂದ ವಿದೇಶಕ್ಕೆ ಓದಲು ಹೋದವರ ಸಂಖ್ಯೆ 2018ರಲ್ಲಿ ಸುಮಾರು 1.3 ಲಕ್ಷವಿದ್ದದ್ದು 2023ರ ಹೊತ್ತಿಗೆ ಸುಮಾರು 2.5 ಲಕ್ಷಕ್ಕೆ ಏರಿದೆಯೆಂದು ಕೇರಳ ವಲಸೆ ಸಮೀಕ್ಷೆ ಲೆಕ್ಕ ಹಾಕಿದೆ.

ಗಡಿನಾಡಿನವರಿಗೆ ಇದರ ಮೇಲೊಂದು ಗೊಂದಲವೂ ಇದೆ. 2024ರ ಜುಲೈಯಲ್ಲಿ ಗಡಿಯಲ್ಲಿರುವ ತಲಪಾಡಿಯ ಈ ಬದಿಯ ಕೇರಳದಲ್ಲಿ ನಾಲ್ಕು ವರ್ಷದ ಪದವಿ ಆರಂಭವಾಯಿತು. ಅದೇ ವರ್ಷ ಆ ಬದಿಯ ಕರ್ನಾಟಕದಲ್ಲಿ ನಾಲ್ಕು ವರ್ಷದ್ದನ್ನು ಕೈಬಿಟ್ಟು ಮೂರು ವರ್ಷಕ್ಕೆ ಮರಳಿದರು. ಕೇರಳದಲ್ಲಿ ಕೂಡ ಮೂರು ವರ್ಷಕ್ಕೆ 133 ಕ್ರೆಡಿಟ್ (ಪಾಸಾದ ಪಾಠಗಳಿಗೆ ಸಿಗುವ ಮಾನ) ಗಳಿಸಿದವರು ಪದವಿ ಪಡೆದು ಹೊರಡಬಹುದು, ನಾಲ್ಕನೆಯ ವರ್ಷ ಬೇಕಾದವರಿಗೆ 177 ಕ್ರೆಡಿಟ್‌ಗೆ ಆನರ್ಸ್. ಈ ಸರಳ ವಿಷಯವನ್ನು ಹೆತ್ತವರಿಗೆ ಬಿಡಿಸಿ ಹೇಳುವವರಿಲ್ಲದೆ, ‘ಅಲ್ಲಿ ಒಂದು ವರ್ಷ ಉಳಿಯುತ್ತದೆ’ ಎಂಬ ಒಂದೇ ಮಾತಿಗೆ ನಮ್ಮ ಊರಿನ ಎಷ್ಟೋ ಮಕ್ಕಳು ಗಡಿ ದಾಟಿದ್ದಾರೆ.

ಆದರೆ ನನ್ನ ಆಕ್ಷೇಪ ಸೇರದವರ ಬಗ್ಗೆ ಅಲ್ಲ, ಸೇರಿ ಬಿಟ್ಟುಹೋದವರ ಬಗ್ಗೆ.

ಒಂದು ದಿನ ಅಧ್ಯಾಪಕರೊಬ್ಬರನ್ನು ಕಾಣಲೆಂದು ತರಗತಿಯ ಹೊರಗಿನ ಜಗಲಿಯಲ್ಲಿ ನಿಂತಿದ್ದೆ. ಒಳಗೆ ಹಾಜರಿ ಕರೆಯುತ್ತಿದ್ದರು. ಐದು, ಆರು, ಏಳು ಎಂದು ಕರೆದವರು ನಿಲ್ಲದೆ ಹನ್ನೊಂದು ಎಂದರು. ಹದಿನಾಲ್ಕರ ನಂತರ ಹದಿನೇಳು. ಹುಡುಗಿಯರು ನಗಲಿಲ್ಲ, ಯಾರೂ ತಲೆಯೆತ್ತಲೂ ಇಲ್ಲ, ಎಣಿಕೆ ಹಾಗೆಯೇ ಇರುವುದೆಂಬಂತೆ ತಮ್ಮ ತಮ್ಮ ಸರದಿಗೆ ‘ಪ್ರೆಸೆಂಟ್’ ಎಂದರು. ಆಮೇಲೆ ಅಧ್ಯಾಪಕರ ಮೇಜಿನ ಮೇಲಿದ್ದ ರಿಜಿಸ್ಟರ್ ನೋಡಿದಾಗ ಎಂಟು, ಒಂಬತ್ತು, ಹತ್ತನೆಯ ಸಾಲುಗಳ ಮೇಲೆ ಅಡಿಕೋಲು ಇಟ್ಟು ಕೆಂಪು ಗೆರೆ ಎಳೆದಿತ್ತು. ಒಬ್ಬಳು ನರ್ಸಿಂಗ್‌ಗೆ ಹೋದವಳು. ಆ ಸೀಟುಗಳ ಹಂಚಿಕೆ ಪದವಿ ತರಗತಿ ಶುರುವಾದ ಎಷ್ಟೋ ದಿನಗಳ ನಂತರವೂ ನಡೆಯುವುದರಿಂದ ಅದು ಪ್ರತಿ ವರ್ಷದ ಕಥೆ. ಇನ್ನೊಬ್ಬಳಿಗೆ ಮದುವೆ ನಿಶ್ಚಯವಾಗಿತ್ತು. ಮೂರನೆಯವಳು ಏಕೆ ಬಿಟ್ಟಳೆಂದು ಕೇಳಿದ್ದಕ್ಕೆ ಅವರು, ‘ಗೊತ್ತಿಲ್ಲ, ಬರುವುದು ನಿಲ್ಲಿಸಿದಳು’ ಎಂದರು. ಕೆಟ್ಟ ಅಧ್ಯಾಪಕರಲ್ಲ, ಗೊತ್ತಿಲ್ಲವೆಂದು ಒಪ್ಪಿಕೊಂಡವರು ಅವರೊಬ್ಬರೇ.

ಕಚೇರಿಗೆ ಮಾತ್ರ ಎಲ್ಲವೂ ಗೊತ್ತಿದೆ. ಟಿಸಿ ಅರ್ಜಿಯಲ್ಲಿ ಬಿಡುವ ಕಾರಣ ಎಂಬ ಒಂದು ಅಂಕಣವಿದೆ. ನಮ್ಮ ನೆರೆಮನೆಯ ಹುಡುಗನ ಜೊತೆ ನಾನೇ ಹೋಗಿದ್ದೆ. ಅವನು ಬಿಟ್ಟದ್ದು ಅಪ್ಪನಿಗೆ ಪಾರ್ಶ್ವವಾಯು ಬಡಿದು ತೋಟ ನೋಡುವವರಿಲ್ಲದೆ. ಗುಮಾಸ್ತರು ಅವನ ಕೈಯಿಂದ ಕಾಗದ ತೆಗೆದುಕೊಂಡು, ಮಾತು ಕೇಳುವ ಮೊದಲೇ, ಆ ಅಂಕಣದಲ್ಲಿ ‘ಉನ್ನತ ವ್ಯಾಸಂಗಕ್ಕಾಗಿ’ ಎಂದು ತಾವೇ ಬರೆದರು. ಹುಡುಗ ಬಾಯಿ ತೆರೆದದ್ದನ್ನು ನೋಡಿ, ‘ಹಾಗೆ ಬರೆದರೆ ಮುಂದೆ ತೊಂದರೆ ಇಲ್ಲ’ ಎಂದರು. ಅವರ ದೃಷ್ಟಿಯಲ್ಲಿ ಅದು ಉಪಕಾರ. ಕಾಲು ಗಂಟೆಯಲ್ಲಿ ಟಿಸಿ ಕೈಗೆ ಬಂತು. ಆ ಕಚೇರಿಯಲ್ಲಿ ಅಷ್ಟು ಬೇಗ ನಡೆದ ಬೇರೆ ಕೆಲಸವನ್ನು ನಾನು ಕಂಡಿಲ್ಲ. ಮಕ್ಕಳು ಏಕೆ ನಿಲ್ಲುತ್ತಿಲ್ಲವೆಂದು ವಿಶ್ವವಿದ್ಯಾನಿಲಯ ನಾಳೆ ಲೆಕ್ಕ ಕೇಳಿದರೆ ಸಿಗುವುದು ಇಂಥ ಅಂಕಣಗಳಿಂದ, ಮತ್ತು ಅವುಗಳ ಪ್ರಕಾರ ತೋಟ ನೋಡಲು ಹೋದವನೂ ಮದುವೆಯಾಗಿ ಹೋದವಳೂ ಉನ್ನತ ವ್ಯಾಸಂಗದಲ್ಲಿದ್ದಾರೆ.

ಆ ಹುಡುಗ ಒಂದು ಸೆಮಿಸ್ಟರ್ ಪೂರ್ತಿ ಪಾಸಾಗಿದ್ದ. 2021ರಲ್ಲಿ ಆರಂಭವಾದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ ಅವನ ಹೆಸರಿನ ಖಾತೆಯೂ ಇತ್ತು, ಸೇರುವಾಗ ಕಡ್ಡಾಯವಾಗಿ ತೆರೆಸಿದ್ದರು. ಗಳಿಸಿದ ಕ್ರೆಡಿಟ್ ಅಲ್ಲಿ ಉಳಿಯುತ್ತದೆ, ಮತ್ತೆ ಓದುವ ಮನಸ್ಸಾದರೆ ಅದನ್ನು ಬಳಸಿಕೊಳ್ಳಬಹುದು ಎಂಬ ಒಂದು ಮಾತನ್ನು ಅವನು ಹೊರಡುವಾಗ ಯಾರೂ ಹೇಳಲಿಲ್ಲ. ನಾನು ಹೇಳಿದೆ. ನಂಬಿದಂತೆ ಕಾಣಲಿಲ್ಲ.

ನಮ್ಮ ಹುಡುಗಿಯೂ ನವೆಂಬರ್‌ನಲ್ಲಿ ಬಿಡುವ ಹಂತಕ್ಕೆ ಬಂದಿದ್ದಳು. ಪ್ಲಸ್ ಟುವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳಿಗೆ ಅರ್ಥಶಾಸ್ತ್ರದ ಪಾಠ ಇಂಗ್ಲಿಷ್ ಪುಸ್ತಕದಿಂದ, ವಿವರಣೆ ಮಲಯಾಳದಲ್ಲಿ. ಮನೆಗೆ ಬಂದು ಮೊದಲು ಮಲಯಾಳದ ಟಿಪ್ಪಣಿಯನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು, ಅದರ ಅರ್ಥವನ್ನು ನನ್ನಲ್ಲಿ ಕೇಳಿ, ಕೊನೆಗೆ ಇಂಗ್ಲಿಷಿನಲ್ಲಿ ಉತ್ತರ ಕಲಿಯುತ್ತಿದ್ದಳು. ಮೊದಲ ಆಂತರಿಕ ಪರೀಕ್ಷೆಯ ಅಂಕ ನೋಡಿದ ಮೇಲೆ ಎರಡು ವಾರ ಹೋಗಲೇ ಇಲ್ಲ. ಶೇಕಡ 75 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕುಳಿತುಕೊಳ್ಳುವಂತಿಲ್ಲ ಎಂಬ ಒಂದು ಸಂದೇಶ ಮೊಬೈಲಿಗೆ ಬಂತು, ತಾನಾಗಿ ಹೋಗುವ ಸಂದೇಶ. ಅದನ್ನು ಓದಿ ಇನ್ನಷ್ಟು ಹೆದರಿದಳೇ ಹೊರತು ತರಗತಿಗೆ ಮರಳಲಿಲ್ಲ. ಆಕೆ ಮರಳಿದ್ದು ಕನ್ನಡ ಕಲಿಸುವ ಅತಿಥಿ ಉಪನ್ಯಾಸಕಿಯೊಬ್ಬರು ರಾತ್ರಿ ಎಂಟು ಗಂಟೆಗೆ ಫೋನ್ ಮಾಡಿ, ‘ನಿನ್ನ ಹಾಗೆಯೇ ಕಷ್ಟಪಡುವವರು ಇನ್ನೂ ನಾಲ್ವರಿದ್ದಾರೆ, ಶನಿವಾರ ಬಾ, ಒಟ್ಟಿಗೆ ಕುಳಿತು ನೋಡುವ’ ಎಂದ ಮೇಲೆ. ಅರ್ಥಶಾಸ್ತ್ರ ಅವರ ವಿಷಯವಲ್ಲ. ಶನಿವಾರದ ಆ ಎರಡು ಗಂಟೆಗಳಿಗೆ ಅವರಿಗೆ ಗೌರವಧನವೂ ಇರಲಿಲ್ಲ. ಈ ವರ್ಷ ಅವರ ಮರುನೇಮಕ ಆಗಿಲ್ಲ.

ಮಕ್ಕಳ ಕಷ್ಟಸುಖ ವಿಚಾರಿಸಲು ಅಧ್ಯಾಪಕರನ್ನು ಗೊತ್ತುಮಾಡುವ ಮೆಂಟರ್ ಎಂಬ ವ್ಯವಸ್ಥೆ ಕಾಗದದಲ್ಲಿದೆ. ಗ್ರಂಥಾಲಯ ಪರವಾಗಿಲ್ಲ, ಕ್ಯಾಂಟೀನ್ ಚೆನ್ನಾಗಿದೆ. ಸಂಜೆ ಒಳನಾಡಿನ ಬಸ್ಸು ತಪ್ಪಿದರೆ ಮುಂದಿನದಕ್ಕೆ ಬಹಳ ಹೊತ್ತು ಕಾಯಬೇಕು, ಕೊನೆಯ ಪೀರಿಯಡ್ ಖಾಲಿಯಾಗಲು ಅದೇ ಕಾರಣ. ಸಮಯಪಟ್ಟಿಯನ್ನು ಕಾಲು ಗಂಟೆ ಹಿಂದಕ್ಕೆ ತಳ್ಳಿದರೆ ಸರಿಹೋಗುವ ವಿಷಯವಿದು, ಎರಡು ಬಾರಿ ಬರೆದುಕೊಟ್ಟಿದ್ದೇನೆ.

ಹಾಗಾದರೆ ಮಕ್ಕಳನ್ನು ಅಲ್ಲಿಗೆ ಸೇರಿಸಬಹುದೇ ಎಂದು ಕೇಳಿದರೆ ಸೇರಿಸಬಹುದು ಎಂದೇ ಹೇಳುತ್ತೇನೆ. ಖಾಸಗಿಯವರು ಕೇಳುವ ಹಣಕ್ಕೆ ಹೋಲಿಸಿದರೆ ಶುಲ್ಕ ಅಲ್ಪ, ಪಾಠ ಮಾಡುವವರಲ್ಲಿ ಹೆಚ್ಚಿನವರು ವಿಷಯ ಬಲ್ಲವರು. ಸೇರ್ಪಡೆಯ ಸೇವೆಗೆ ಐದರಲ್ಲಿ ನಾಲ್ಕೂವರೆ ಅಂಕ, ಸೇರಿದ ಮೇಲಿನ ಸೇವೆಗೆ ಒಂದೂವರೆ. ಆ ಒಂದೂವರೆಯಲ್ಲಿ ಒಂದು ರಾತ್ರಿ ಎಂಟರ ಫೋನಿಗೆ. ಕನ್ನಡ ಮಾಧ್ಯಮದಿಂದ ಹೋಗುವ ಮಕ್ಕಳ ಹೆತ್ತವರು ಮೊದಲ ಆಂತರಿಕ ಪರೀಕ್ಷೆಯ ವಾರದಲ್ಲಿ ಒಮ್ಮೆ ಕಾಲೇಜಿಗೆ ಹೋಗಿ ಬರುವುದು ಒಳ್ಳೆಯದು, ಅಲ್ಲಿಂದ ಯಾರಾದರೂ ಕರೆಯಲೆಂದು ಕಾಯಬಾರದು.

ಎರಡನೆಯ ವರ್ಷದ ತರಗತಿ ಶುರುವಾಗಿದೆ. ಕೆಂಪು ಗೆರೆಗಳ ಹಳೆಯ ರಿಜಿಸ್ಟರ್ ಅಲ್ಮೇರಾ ಸೇರಿದೆ, ಹೊಸದರಲ್ಲಿ ಉಳಿದವರಿಗೆ ಒಂದರಿಂದ ಸಾಲಾಗಿ ಸಂಖ್ಯೆ ಕೊಟ್ಟಿದ್ದಾರಂತೆ. ಹದಿನಾಲ್ಕನೆಯವಳಾಗಿದ್ದ ನಮ್ಮ ಹುಡುಗಿ ಈಗ ಒಂಬತ್ತನೆಯವಳು.