ನ್ಯೂಟ್ರಾನ್ ಘಟಕಕ್ಕೆ ಡಿ-ಡಿ ಸಾಕಾ, ಡಿ-ಟಿ ಬೇಕಾ?

ಫ್ಯೂಷನ್‌ನಿಂದ (ಪರಮಾಣು ಬೀಜಗಳ ಬೆಸುಗೆಯಿಂದ) ನ್ಯೂಟ್ರಾನ್ ತೆಗೆಯುವ ಘಟಕ ಕಟ್ಟುವವರು ಮೊದಲು ಇಂಧನ ಆರಿಸಬೇಕು. ಬರೀ ಡ್ಯೂಟೀರಿಯಂ (ಡಿ-ಡಿ) ಸಾಕಾ, ಜೊತೆಗೆ ಟ್ರಿಟಿಯಂ (ಡಿ-ಟಿ) ಬೇಕಾ? ಎರಡೂ ಹೈಡ್ರೋಜನ್‌ನ ಭಾರವಾದ ರೂಪಗಳು.

ಎಣಿಕೆಯಲ್ಲಿ ಡಿ-ಟಿಯೇ ಮುಂದೆ. ಅಂಥದ್ದೇ ಯಂತ್ರದಲ್ಲಿ ಸುಮಾರು 100 ಪಟ್ಟು ಜಾಸ್ತಿ ನ್ಯೂಟ್ರಾನ್ ಸಿಗುತ್ತದೆ. ಅಮೆರಿಕದ ಜೇನ್ಸ್‌ವಿಲ್‌ನಲ್ಲಿ ವೈದ್ಯಕೀಯ ಮಾಲಿಬ್ಡಿನಂ-99 ತಯಾರಿಸಲು ಶೈನ್ ಕಂಪನಿ ಆರಿಸಿರುವುದೂ ಇದನ್ನೇ.

ಆದರೆ ನಡೆಸುವಾಗ ಟ್ರಿಟಿಯಂ ಕಾಟ ದೊಡ್ಡದು. ಅದು ವಿಕಿರಣಶೀಲ, ದುಬಾರಿ, ಬಿಸಿ ಲೋಹದೊಳಗೂ ನುಸುಳುತ್ತದೆ. 12.3 ವರ್ಷದಲ್ಲಿ ಅರ್ಧ ಕರಗಿಹೋಗುತ್ತದೆ. ಸೋರದಂತೆ ಹಿಡಿದು, ಶುದ್ಧಮಾಡಿ, ಲೆಕ್ಕ ಇಡಲು ಬೇರೆ ವ್ಯವಸ್ಥೆಯೇ ಬೇಕು. ಲೈಸೆನ್ಸ್ ಕೂಡ ಬಿಗಿ. ಡಿ-ಟಿಯ 14.1 ಎಂಇವಿ (ಶಕ್ತಿಯ ಅಳತೆ) ನ್ಯೂಟ್ರಾನ್‌ಗೆ ಗೋಡೆಯೂ ದಪ್ಪ ಬೇಕು, ಡಿ-ಡಿಯದ್ದು 2.45 ಮಾತ್ರ.

ಎಕ್ಸ್-ರೇ ಥರ ನ್ಯೂಟ್ರಾನ್‌ನಿಂದ ಟರ್ಬೈನ್ ಬ್ಲೇಡಿನ ಒಳಗಿನ ಚಿತ್ರ ತೆಗೆಯಲು ಅದನ್ನು ನಿಧಾನ ಮಾಡಲೇಬೇಕು, ಅಲ್ವಾ? ನ್ಯೂಟ್ರಾನ್ ಕಡಿಮೆ ಸಿಕ್ಕರೂ ಸ್ವಲ್ಪ ಕಾಯಬಹುದಾದರೆ ಅಲ್ಲಿ ಡಿ-ಡಿ ಒಳ್ಳೆಯದು. ಮಾಲಿಬ್ಡಿನಂ-99ನಂಥ ಐಸೊಟೋಪ್ ತಯಾರಿಕೆಗೆ, ಫ್ಯೂಷನ್ ರಿಯಾಕ್ಟರ್ ಲೋಹಗಳ ಪರೀಕ್ಷೆಗೆ ಡಿ-ಟಿ.